ಧ್ವನಿಯ ದಿಕ್ಕು

ಈಚೆಗೆ ನಮ್ಮ ಕಡೆಯ ಗೃಹಸ್ಥರ ಮನೆಗಳಲ್ಲಿ ಒಂದು ಹೊಸ ಚರ್ಚೆ ಹುಟ್ಟಿಕೊಂಡಿದೆ. ದೊಡ್ಡ ಟೀವಿಯನ್ನು ಕೊಂಡದ್ದಾಯಿತು. ಇನ್ನು ಅದರ ಧ್ವನಿಯ ಸಲುವಾಗಿ ಎರಡು ಪೆಟ್ಟಿಗೆಗಳನ್ನು ತರುವದೋ, ಆರು ಪೆಟ್ಟಿಗೆಗಳನ್ನು ತರುವದೋ? ತರುಣರು ಆರನ್ನೇ ಬೇಡುವರು. ಗೃಹಿಣಿಯು ಅಷ್ಟೊಂದು ತಂತಿಗಳ ಮೇಲೆ ಕೂಡ್ರುವ ಧೂಳನ್ನು ನೆನೆದು ಒಂದೂ ಬೇಡವೆನ್ನುವಳು. ಹಣ ಕೊಡಬೇಕಾದ ಯಜಮಾನನು ಅಂಗಡಿಕಾರನ ಮುಖವನ್ನು ನೋಡುವನು. ಅಂಗಡಿಕಾರನಾದರೋ ಯಾವದಕ್ಕೆ ಬೆಲೆ ಹೆಚ್ಚೋ ಅದೇ ಶ್ರೇಷ್ಠವೆಂದು ಮೊದಲೇ ಸಿದ್ಧಾಂತ ಮಾಡಿಟ್ಟಿರುವನು. ಚಿಕ್ಕೋಡಿ, ನಿಪ್ಪಾಣಿಗಳ ಪೇಟೆಯಲ್ಲಿ ಈ ವಾದವನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕಿವಿಯಾರೆ ಎಂದರೆ ಒಂದೇ ಕಿವಿಯಿಂದ. ಆ ಸಂಗತಿಯನ್ನು ಮುಂದೆ ಹೇಳುವೆನು. ಮೂವತ್ತು ವರ್ಷಗಳಿಗೆ ಮಿಕ್ಕಿ ಮಕ್ಕಳಿಗೆ ಶಬ್ದರೂಪಾವಳಿಯನ್ನು ಕಲಿಸಿದವನಾದ ನನಗೆ ಯಾವ ವಾದವನ್ನು ಕೇಳಿದರೂ ಮೊದಲು ಶಬ್ದದ ಅರ್ಥವನ್ನು ನಿರ್ಣಯಿಸಬೇಕೆಂಬ ಚಾಳಿ ಬಿದ್ದುಹೋಗಿದೆ. ಇಲ್ಲಿಯೂ ಅಲ್ಲಿಂದಲೇ ತೊಡಗುತ್ತೇನೆ.

ಎರಡು ಪೆಟ್ಟಿಗೆಗಳ ಏರ್ಪಾಟಿಗೆ ಸ್ಟೀರಿಯೋ ಎಂದೂ, ಸುತ್ತಲೂ ಪೆಟ್ಟಿಗೆಗಳನ್ನಿಡುವ ಏರ್ಪಾಟಿಗೆ ಸರೌಂಡ್ ಎಂದೂ ಹೆಸರು. ಸ್ಟೀರಿಯೋ ಎಂಬ ಶಬ್ದವು ಗ್ರೀಕ ಮೂಲದ್ದು. ಅದಕ್ಕೆ 'ಎರಡು' ಎಂಬ ಅರ್ಥವಿದ್ದೀತೆಂದು ಬಹುಜನರು ತಿಳಿದಿರುವರು, ಅದು ಹಾಗಲ್ಲ. ಅದರ ಅರ್ಥ 'ಘನ', ಅಂದರೆ ಉದ್ದ ಅಗಲ ಆಳಗಳುಳ್ಳದ್ದು. ಗೋಡೆಯ ಮೇಲಿನ ಚಿತ್ರಕ್ಕೂ ಗುಡಿಯಲ್ಲಿಯ ವಿಗ್ರಹಕ್ಕೂ ಯಾವ ಅಂತರವೋ, ಒಂದೇ ತೂತಿನಿಂದ ಹೊರಡುವ ಧ್ವನಿಗೂ ಘನಧ್ವನಿಗೂ ಅದೇ ಅಂತರ. ಸುತ್ತುವರಿದ ಧ್ವನಿಯು ಸಾಧಿಸಬಯಸುವದೂ ಇದನ್ನೇ. ಎಂದಮೇಲೆ ಈ ಎರಡು ಪಕ್ಷಗಳಿಗೂ ಸಾಧ್ಯವು ಒಂದೇ, ಭೇದವಿರುವದು ಸಾಧನದಲ್ಲಿ. ಆಗಲಿ, ಧ್ವನಿಗೆ ಘನತೆ ಬರುವದು ಪೆಟ್ಟಿಗೆಯಿಂದಲ್ಲ, ನಮ್ಮ ಎರಡು ಕಿವಿಗಳಿಂದ. ಆದ್ದರಿಂದ ಕಿವಿಯ ವಿಚಾರವನ್ನು ಮೊದಲು ಮಾಡತಕ್ಕದ್ದು.

ಓದುಗರು ತಮ್ಮ ಮನೆಯ ಅಂಗಳದಲ್ಲಿ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು; ಖರ್ಚಿಲ್ಲದ್ದು, ಮಕ್ಕಳಿಗೆ ಆಟವೂ ಆಗುವದು. ಒಬ್ಬ ಹುಡುಗನನ್ನು ನಡುವೆ ಕೂಡ್ರಿಸಿ ಕಣ್ಣಿಗೆ ಬಟ್ಟೆ ಕಟ್ಟಿರಿ. ಉಳಿದವರು ಸುತ್ತಲೂ ನಿಂತು ಒಬ್ಬೊಬ್ಬರಾಗಿ ಎರಡು ನಾಣ್ಯಗಳನ್ನು ತಟ್ಟಲಿ. ಎಡಕ್ಕೆ ತಟ್ಟಿದರೆ ಎಡಕ್ಕೂ, ಬಲಕ್ಕೆ ತಟ್ಟಿದರೆ ಬಲಕ್ಕೂ ಅವನು ತಪ್ಪದೆ ಕೈಮಾಡಿ ತೋರಿಸುವನು. ಆದರೆ ನೇರ ಮುಂದೆ ಇಲ್ಲವೆ ನೇರ ಹಿಂದೆ ತಟ್ಟಿದರೆ, ತಲೆಯನ್ನು ಅಲುಗಿಸಬಾರದೆಂಬ ನಿಯಮವಿದ್ದಲ್ಲಿ, ಹಲವು ಸಲ ಮುಂದಿನದನ್ನು ಹಿಂದೆಂದೂ ಹಿಂದಿನದನ್ನು ಮುಂದೆಂದೂ ಹೇಳುವನು. ಇಂಗ್ಲಂಡದ ಲಾರ್ಡ ರೇಲಿಯೆಂಬ ವಿಜ್ಞಾನಿಯು 1870ರ ದಶಕದಲ್ಲಿ ತನ್ನ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಹೀಗೆಯೇ ಕಣ್ಣು ಮುಚ್ಚಿ ಕೂತು, ಸುತ್ತಲೂ ಜನರನ್ನು ನಿಲ್ಲಿಸಿ ಪರೀಕ್ಷಿಸಿದನು. ಆ ವಿಚಾರವು ಅವನನ್ನು ಬಿಡಲಿಲ್ಲ. 1907ರಲ್ಲಿ ಅದರ ಕಾರಣವನ್ನು ತಕ್ಕಮಟ್ಟಿಗೆ ನಿರ್ಣಯಿಸಿ ಪ್ರಕಟಿಸಿದನು.

ಆ ಕಾರಣವು ಇಂತಿದೆ. ಬಲಗಡೆಯಿಂದ ಬಂದ ಧ್ವನಿಯು ಬಲಗಿವಿಯನ್ನು ಮೊದಲು ಮುಟ್ಟುವದು. ತಲೆಯನ್ನು ಬಳಸಿ ಎಡಗಿವಿಯನ್ನು ಮುಟ್ಟುವಷ್ಟರಲ್ಲಿ ತುಸು ತಡವಾಗುವದು. ಧ್ವನಿಯು ಸೆಕೆಂದಿಗೆ ಸುಮಾರು 340 ಮೀಟರ ಓಡುವದರಿಂದ ಆ ತಡವು ಎಷ್ಟಾದೀತು? ಸೆಕೆಂದನ್ನು ಸಾವಿರ ಪಾಲು ಮಾಡಿದರೆ ಅದರ ಒಂದು ಪಾಲೂ ಪೂರ್ತಿಯಾಗದು; ಹೆಚ್ಚೆಂದರೆ ಅದರಲ್ಲಿ ಮೂರರ ಎರಡು ಭಾಗ. ಕಣ್ಣೆವೆ ಇಕ್ಕುವದು ಇದರ ಮುಂದೆ ಒಂದು ಯುಗವೇ ಸರಿ. ಆದರೂ ನಮ್ಮ ಮಿದುಳು ಈ ತಡವನ್ನು ಅಳೆಯಬಲ್ಲದು. ಸೆಕೆಂದಿನ ಲಕ್ಷದಲ್ಲೊಂದು ಪಾಲಿನಷ್ಟು ಭೇದವನ್ನು ಸಹ ಅದು ಗುರುತಿಸುವದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಎರಡನೆಯ ಕುರುಹು ಧ್ವನಿಯ ಬಲದ್ದು. ಮಳೆಗಾಲದಲ್ಲಿ ಕುಡಚಿಯ ಬಳಿ ಕೃಷ್ಣೆಯ ಸೇತುವೆಯ ಕಂಬಗಳನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ದೊಡ್ಡ ತೆರೆಯು ಕಂಬವನ್ನು ಲೆಕ್ಕಿಸದೆ ಬಳಸಿಕೊಂಡು ಮುಂದೆ ಸಾಗುವದು. ಸಣ್ಣ ಅಲೆಗಳು ಕಂಬಕ್ಕೆ ಬಡಿದು ಅದರ ಬೆನ್ನಿಗೆ ನೀರು ಶಾಂತವಾಗಿ ಉಳಿಯುವದು. ಡೊಳ್ಳಿನಂಥ ತಗ್ಗು ಧ್ವನಿಯ ತೆರೆಗಳು ದೊಡ್ಡವು. ಅವು ತಲೆಯನ್ನು ಬಳಸಿ ಎರಡೂ ಕಿವಿಗಳನ್ನು ಸಮನಾಗಿ ಮುಟ್ಟುವವು. ತಾಳದಂಥ ಎತ್ತರದ ಧ್ವನಿಯ ತೆರೆಗಳು ಸಣ್ಣವು. ಅವುಗಳಿಗೆ ತಲೆಯೇ ಅಡ್ಡಗೋಡೆಯಾಗಿ ಆಚೆಯ ಕಿವಿಯು ನೆರಳಿನಲ್ಲಿ ಉಳಿಯುವದು. ಇನ್ನು ಮುಂದು ಹಿಂದು, ಮೇಲು ಕೆಳಗುಗಳನ್ನು ತಿಳಿಯಲು ಹೊರಗಿವಿಯ ಮಡಿಕೆಗಳೂ ತಲೆಯ ತಿರುಗಾಟವೂ ನೆರವಾಗುವವು. ಆಕಳು ಸಪ್ಪಳ ಕೇಳಿದೊಡನೆ ಕಿವಿಯನ್ನು ಹೊರಳಿಸುವದು. ನಾವು ಕಿವಿಯನ್ನು ಹೊರಳಿಸಲಾರದೆ ತಲೆಯನ್ನೇ ಹೊರಳಿಸುತ್ತೇವೆ.

ನಮ್ಮ ಶಾಸ್ತ್ರಕಾರರೂ ಈ ಪ್ರಶ್ನೆಯನ್ನು ಬಿಟ್ಟವರಲ್ಲ. ಧ್ವನಿಯು ಹುಟ್ಟಿದೆಡೆಯಿಂದ ಕಿವಿಗೆ ಹೇಗೆ ಬರುವದೆಂಬುದಕ್ಕೆ ನ್ಯಾಯ–ವೈಶೇಷಿಕರು ಎರಡು ದೃಷ್ಟಾಂತಗಳನ್ನು ಕೊಡುವರು. ಕೊಳದಲ್ಲಿ ತೆರೆಯಿಂದ ತೆರೆ ಹುಟ್ಟುವಂತೆ ಎಂಬುದು ವೀಚೀತರಂಗ ನ್ಯಾಯ. ಕದಂಬದ ಮೊಗ್ಗಿನಲ್ಲಿ ಎಸಳುಗಳು ಎಲ್ಲ ದಿಕ್ಕಿಗೂ ಏಕಕಾಲಕ್ಕೆ ಹೊರಡುವಂತೆ ಎಂಬುದು ಕದಂಬಗೋಲಕ ನ್ಯಾಯ. ಬೌದ್ಧ ಪಂಡಿತರು ಇಲ್ಲಿ ಒಂದು ಆಕ್ಷೇಪವನ್ನೆತ್ತಿದರು: ಕಿವಿಯನ್ನು ಮುಟ್ಟಿದ ಧ್ವನಿಯನ್ನು ಮಾತ್ರ ನಾವು ಕೇಳುವದಾದರೆ ಅದು ದೂರದ್ದು, ಇಂಥ ದಿಕ್ಕಿನದು ಎಂಬ ಅರಿವು ಹೇಗೆ ಉಂಟಾಗಬೇಕು? ಆದ್ದರಿಂದ ಕಣ್ಣಿನಂತೆ ಕಿವಿಯೂ ವಿಷಯವನ್ನು ಮುಟ್ಟದೆಯೇ ಅರಿಯುವದೆಂದು ಅವರ ಮತ. ಆಕ್ಷೇಪವು ಗಟ್ಟಿಯಾದದ್ದೇ. ಶ್ರೋತ್ರವೆಂಬುದನ್ನು ಒಂದೇ ಇಂದ್ರಿಯವೆಂದು ಎಣಿಸಿದಲ್ಲಿ ಅದಕ್ಕೆ ಉತ್ತರ ಹೇಳುವದು ಕಷ್ಟ. ಮುಟ್ಟುವ ಸ್ಥಳಗಳು ಎರಡಿದ್ದು, ಆ ಎರಡರ ನಡುವಿನ ಅಂತರವೇ ದಿಕ್ಕಿನ ಅರಿವಿಗೆ ಕಾರಣವೆಂದು ಹೇಳಿದೊಡನೆ ನ್ಯಾಯಪಕ್ಷವೂ ಉಳಿಯುವದು, ಆಕ್ಷೇಪಕ್ಕೂ ಸಮಾಧಾನವಾಗುವದು.

ಆದರೆ ದಿಕ್ಕು ತಿಳಿದ ಮಾತ್ರಕ್ಕೆ ವಸ್ತುವು ತಿಳಿದಂತಾಗಲಿಲ್ಲ. ಶಬ್ದವೇಧಿಯಾದ ದಶರಥನು ಸರಯೂ ತೀರದ ಕತ್ತಲೆಯಲ್ಲಿ ಕೊಡ ತುಂಬುವ ಸಪ್ಪಳವನ್ನು ಆನೆಯ ಸಪ್ಪಳವೆಂದು ಬಗೆದು ಬಾಣ ಬಿಟ್ಟದ್ದು ಎಲ್ಲರೂ ಬಲ್ಲ ಕಥೆ. ಅವನ ಎರಡು ಕಿವಿಗಳು ದಿಕ್ಕಿನಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ತಪ್ಪಿದ್ದು ಅದು ಯಾರೆಂಬ ತಿಳಿವಿನಲ್ಲಿ. ಮುಂದೆ ಬರುವ ವಾದಕ್ಕೆ ಈ ಮಾತು ಬೇಕಾಗುವದರಿಂದ ಇಲ್ಲಿಯೇ ಹೇಳಿಟ್ಟಿದ್ದೇನೆ: ಧ್ವನಿಯು ಎಲ್ಲಿಂದ ಬಂತೆಂಬುದು ಒಂದು, ಅದು ಏನನ್ನು ಹೇಳಿತೆಂಬುದು ಇನ್ನೊಂದು.

ಈಗ ಯಂತ್ರಗಳ ಕಡೆಗೆ ಬರೋಣ. ಭಾರತದ ಮೊದಲಿನ ಮಾತಿನ ಚಿತ್ರವು 1931ರಲ್ಲಿಯೂ, ಕನ್ನಡದ 'ಸತಿ ಸುಲೋಚನಾ' 1934ರಲ್ಲಿಯೂ ತೆರೆಗೆ ಬಂದವು. ಅಂದಿನಿಂದ ಎಷ್ಟೋ ವರ್ಷಗಳವರೆಗೆ ನಮ್ಮ ಚಿತ್ರಗಳ ಧ್ವನಿಯು ಒಂದೇ ದಾರಿಯಿಂದ ಬರುತ್ತಿತ್ತು. ನನ್ನ ಬಾಲ್ಯದಲ್ಲಿ ಜಾತ್ರೆಗೆ ಬರುತ್ತಿದ್ದ ಡೇರೆಯ ಟಾಕೀಜಿನಲ್ಲಿ ತೆರೆಯ ಬಳಿ ಇಟ್ಟ ಒಂದು ಪೆಟ್ಟಿಗೆಯಿಂದಲೇ ನಾಯಕನೂ ನಾಯಿಕೆಯೂ ಕುದುರೆಯೂ ಗುಡುಗೂ ಮಾತಾಡಬೇಕಾಗಿತ್ತು. ಆದರೂ ನಮಗೆ ಯಾವ ಕೊರತೆಯೂ ತೋರಲಿಲ್ಲ. ಏಕೆಂದರೆ ಕಣ್ಣು ಕಿವಿಯನ್ನು ತನ್ನೊಡನೆ ಎಳೆದುಕೊಂಡು ಹೋಗುವದು. ತುಟಿ ಅಲುಗಿದಲ್ಲಿಂದಲೇ ಮಾತು ಬಂದಂತೆ ಭಾಸವಾಗುವದು. ತೊಗಲು ಗೊಂಬೆಯಾಟದಲ್ಲಿ ಪರದೆಯ ಹಿಂದೆ ಕೂತವನೊಬ್ಬನೇ ರಾಮನಾಗಿ ರಾವಣನಾಗಿ ನುಡಿದರೂ ಮಕ್ಕಳಿಗೆ ಗೊಂಬೆಗಳೇ ನುಡಿದಂತೆ ಕೇಳುವದಿಲ್ಲವೇ?

ಅಲನ್ ಬ್ಲಮ್‌ಲೈನ್ ಎಂಬ ಇಂಗ್ಲಂಡದ ಎಂಜಿನಿಯರನಿಗೆ ಮಾತ್ರ ಇದು ಸಾಲಲಿಲ್ಲ. ಚಿತ್ರಮಂದಿರದಲ್ಲಿ ನಟನು ತೆರೆಯ ಒಂದು ಕಡೆಗಿದ್ದಾಗ ದನಿಯು ಇನ್ನೊಂದು ಕಡೆಯಿಂದ ಬಂದದ್ದನ್ನು ಕಂಡು ಅವನು ತನ್ನ ಹೆಂಡತಿಗೆ, ಇದಕ್ಕೊಂದು ಉಪಾಯವನ್ನು ತಾನು ಬಲ್ಲೆನೆಂದು ಹೇಳಿದನೆಂದು ಹೇಳುವರು. 1931ರಲ್ಲಿ ಅವನು ಎರಡು ದಾರಿಗಳ ಧ್ವನಿಗೆ ಹಕ್ಕುಪತ್ರವನ್ನು ಬೇಡಿದನು. ಅದಕ್ಕೂ ಅರ್ಧ ಶತಮಾನ ಮುಂಚೆ, 1881ರ ಪ್ಯಾರಿಸ್ ಪ್ರದರ್ಶನದಲ್ಲಿ ಕ್ಲೆಮಾ ಆದೇ ಎಂಬವನು ಸಂಗೀತ ನಾಟಕವನ್ನು ಎರಡು ಟೆಲಿಫೋನುಗಳ ಮೂಲಕ ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ ಕೇಳಿಸಿದ್ದನು. ಅಮೇರಿಕೆಯಲ್ಲಿ 1933ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಬಾರಿಸಿದ ವಾದ್ಯವೃಂದವನ್ನು ತಂತಿಗಳ ಮೂಲಕ ವಾಶಿಂಗ್ಟನ್ನಿನ ಸಭಾಗೃಹದಲ್ಲಿ ಕೇಳಿಸಿದಾಗ ಬಳಸಿದ ದಾರಿಗಳು ಎರಡಲ್ಲ, ಮೂರು: ಎಡ, ಬಲ, ನಡು. ಮುಂದೆ 1958ರ ಸುಮಾರಿಗೆ ಸ್ಟೀರಿಯೋ ತಟ್ಟೆಗಳು ಪೇಟೆಗೆ ಬಂದಾಗ ನಡುವಿನದು ಬಿಟ್ಟುಹೋಯಿತು. ಅದಕ್ಕೆ ಕಾರಣವು ಶಾಸ್ತ್ರವಲ್ಲ, ತಟ್ಟೆಯ ಗೀರು! ಆ ಗೀರಿಗೆ ಇರುವ ದಂಡೆಗಳು ಎರಡೇ. ಒಂದರಲ್ಲಿ ಎಡದ ಧ್ವನಿ, ಇನ್ನೊಂದರಲ್ಲಿ ಬಲದ್ದು. ಮೂರನೆಯದಕ್ಕೆ ಸ್ಥಳವಿರಲಿಲ್ಲ. ಹೀಗೆ ಅನುಕೂಲಕ್ಕಾಗಿ ಬಂದ ಎರಡೆಂಬ ಸಂಖ್ಯೆಯು ಕಾಲಾಂತರದಲ್ಲಿ ಸಿದ್ಧಾಂತವಾಗಿ ಕೂತಿತು.

ಎರಡು ಪೆಟ್ಟಿಗೆಗಳ ಚಮತ್ಕಾರವು ಸಣ್ಣದಲ್ಲ. ಎರಡರಿಂದಲೂ ಸಮನಾಗಿ ಗಾಯಕನ ದನಿಯನ್ನು ಬಿಟ್ಟರೆ ಅದು ಪೆಟ್ಟಿಗೆಗಳಿಂದ ಬಂದಂತೆ ಕೇಳದೆ, ಏನೂ ಇಲ್ಲದ ನಡುವಿನ ಬಯಲಿನಿಂದ ಬಂದಂತೆ ಕೇಳುವದು. ಆದರೆ ಇದಕ್ಕೊಂದು ಕರಾರು ಉಂಟು. ಎರಡು ಪೆಟ್ಟಿಗೆಗಳೂ ಕೇಳುವವನೂ ಸಮಭುಜ ತ್ರಿಕೋಣದ ಮೂರು ಮೂಲೆಗಳಲ್ಲಿರಬೇಕು. ಪೆಟ್ಟಿಗೆಗಳ ನಡುವೆ ಏಳು ಅಡಿ ಅಂತರವಿದ್ದರೆ ಕೇಳುವವನೂ ಒಂದೊಂದರಿಂದ ಏಳು ಅಡಿ ದೂರ ಕೂಡ್ರಬೇಕು. ಅವನು ಎಡಕ್ಕೆ ಸರಿದನೆನ್ನಿರಿ. ಎಡದ ಧ್ವನಿಯು ಮೊದಲು ಬಂದು, ನಡುವಿನಲ್ಲಿದ್ದ ಗಾಯಕನು ಎಡದ ಪೆಟ್ಟಿಗೆಯೊಳಗೆ ಹೊಕ್ಕುಬಿಡುವನು. ಯಾವ ಧ್ವನಿಯು ಮೊದಲು ಮುಟ್ಟಿತೋ ಅದರ ದಿಕ್ಕನ್ನೇ ಕಿವಿಯು ನಂಬುವದೆಂಬ ಈ ನಿಯಮವನ್ನು ಹೆಲ್ಮುಟ್ ಹಾಸ್ ಎಂಬ ಜರ್ಮನನು 1949ರ ತನ್ನ ಪ್ರಬಂಧದಲ್ಲಿ ವಿವರವಾಗಿ ಪರೀಕ್ಷಿಸಿದನು. ಅಂದಮೇಲೆ ಸ್ಟೀರಿಯೋ ಒಬ್ಬನ ಸಂಗೀತ. ಕುಟುಂಬವಾದರೋ ಒಂದೇ ಮೂಲೆಯಲ್ಲಿ ಕೂಡ್ರುವದಿಲ್ಲ. ಅಜ್ಜಿಯು ಗೋಡೆಗೆ ಆತು, ಮಕ್ಕಳು ನೆಲದ ಮೇಲೆ, ಸೊಸೆಯು ಅಡಿಗೆಮನೆಯ ಬಾಗಿಲಲ್ಲಿ. ಇವರಲ್ಲಿ ಯಾರೂ ತ್ರಿಕೋಣದ ತುದಿಯಲ್ಲಿಲ್ಲ.

ಸರೌಂಡಿನ ಹುಟ್ಟಿಗೆ ಇದೂ ಒಂದು ಕಾರಣ. 1940ರಲ್ಲಿ ವಾಲ್ಟ್ ಡಿಸ್ನಿಯ 'ಫ್ಯಾಂಟೇಸಿಯಾ' ಚಿತ್ರಕ್ಕೆ ಸಭಾಗೃಹದ ಸುತ್ತಲೂ ಪೆಟ್ಟಿಗೆಗಳನ್ನಿಟ್ಟು ತೋರಿಸಿದ್ದರು. ಖರ್ಚು ಹೆಚ್ಚಾಗಿ ಅದು ಕೆಲವೇ ಊರುಗಳಲ್ಲಿ ನಿಂತಿತು. 1970ರ ದಶಕದಲ್ಲಿ ಮನೆಗಳ ಸಲುವಾಗಿ ನಾಲ್ಕು ಮೂಲೆಗೆ ನಾಲ್ಕು ಪೆಟ್ಟಿಗೆಗಳ ಪದ್ಧತಿಯು ಬಂತು. ಕಂಪನಿಗೊಂದು ರೀತಿ, ಒಬ್ಬರ ತಟ್ಟೆ ಇನ್ನೊಬ್ಬರ ಯಂತ್ರಕ್ಕೆ ಒಗ್ಗದೆ ಆ ದಶಕದೊಳಗೇ ಮುಗಿಯಿತು. ನಮ್ಮ ದೇಶದಲ್ಲಿ 1975ರ 'ಶೋಲೆ' ಚಿತ್ರವು 70 ಮಿಲಿಮೀಟರ ಪಟದೊಡನೆ ಹಲವು ದಾರಿಗಳ ಧ್ವನಿಯನ್ನು ದೊಡ್ಡ ಊರುಗಳಿಗೆ ತಂದಿತು. 1992ರಿಂದ 'ಐದು ಬಿಂದು ಒಂದು' ಎಂಬ ಪದ್ಧತಿಯು ಅಂಕಿಗಳ ರೂಪದಲ್ಲಿ ಚಿತ್ರಮಂದಿರಕ್ಕೆ ಬಂದು ಸ್ಥಿರವಾಯಿತು. ಮುಂದೆ ಎಡ, ನಡು, ಬಲ ಎಂದು ಮೂರು. ಪಕ್ಕಕ್ಕೆ ತುಸು ಹಿಂದೆ ಎರಡು. ತಗ್ಗು ಧ್ವನಿಗೆ ಒಂದು. ತಗ್ಗು ಧ್ವನಿಯ ದಿಕ್ಕು ಕಿವಿಗೆ ತಿಳಿಯುವದು ಕಷ್ಟವೆಂದು ಸೇತುವೆಯ ಕಂಬದ ಬಳಿ ನೋಡಿದೆವಷ್ಟೆ. ಆದ್ದರಿಂದಲೇ ಅದಕ್ಕೆ ಒಂದೇ ಪೆಟ್ಟಿಗೆ ಸಾಕು, ಅದನ್ನು ಎಲ್ಲಿಟ್ಟರೂ ಹೆಚ್ಚು ಬಾಧೆಯಿಲ್ಲ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಎಂಬ ಪದ್ಧತಿಯಲ್ಲಿ ಮಾಳಿಗೆಯ ಮೇಲೂ ಪೆಟ್ಟಿಗೆಗಳಿದ್ದು ಚಿತ್ರಮಂದಿರದಲ್ಲಿ 64ರ ವರೆಗೆ ಇರಬಹುದು.

ಡಾಲ್ಬಿ ಎಂದೊಡನೆ ನಮ್ಮ ಸೀಮೆಯವರಿಗೆ ನೆನಪಾಗುವದು ಬೇರೆಯೇ. ನಿಪ್ಪಾಣಿ, ಚಿಕ್ಕೋಡಿಗಳಲ್ಲಿ ಗಣಪತಿಯನ್ನು ಕಳುಹುವ ದಿವಸ ಗಾಡಿಯ ಮೇಲೆ ಗೋಡೆಯಂತೆ ಒಟ್ಟಿದ ಪೆಟ್ಟಿಗೆಗಳಿಗೆ ಜನರು 'ಡಾಲ್ಬಿ' ಎನ್ನುವರು. ರೇ ಡಾಲ್ಬಿ ಎಂಬ ಅಮೇರಿಕನು 1965ರಲ್ಲಿ ತನ್ನ ಸಂಸ್ಥೆಯನ್ನು ಸ್ಥಾಪಿಸಿ ಮೊದಲು ಹೆಸರು ಪಡೆದದ್ದು ಟೇಪಿನಲ್ಲಿಯ ಅನಾವಶ್ಯಕ ಸದ್ದನ್ನು ಅಡಗಿಸುವ ಉಪಾಯದಿಂದ. ಸದ್ದಡಗಿಸಿದವನ ಹೆಸರು ಸದ್ದಿಗೇ ಬಂದದ್ದು ರೂಢಿಶಬ್ದದ ಮಹಿಮೆ! ನಗೆಯ ಮಾತಿರಲಿ, 85 ಡೆಸಿಬಲ್ ಧ್ವನಿಯನ್ನು ದಿನಕ್ಕೆ ಎಂಟು ತಾಸು ತಾಳಬಹುದಾದ ಕಿವಿಯು 100 ಡೆಸಿಬಲ್ಲನ್ನು ಹದಿನೈದು ನಿಮಿಷವಷ್ಟೇ ಅಪಾಯವಿಲ್ಲದೆ ತಾಳೀತೆಂದು ತಜ್ಞರ ಲೆಕ್ಕ. ಮಕ್ಕಳನ್ನು ಹೆಗಲ ಮೇಲೆ ಹೊತ್ತು ಆ ಗೋಡೆಯ ಮುಂದೆ ನಿಲ್ಲುವ ತಂದೆಗಳು ಇದನ್ನು ನೆನಪಿನಲ್ಲಿಡಬೇಕು.

ಸುತ್ತುವರಿದ ಧ್ವನಿಯು ನಮ್ಮವರಿಗೆ ಹೊಸದೇನೂ ಅಲ್ಲ. ಬಯಲಾಟವನ್ನು ನೋಡಿರಿ, 'ಶ್ರೀಕೃಷ್ಣ ಪಾರಿಜಾತ'ದ ಮೇಳದವರು ನಡುವೆ, ನೋಡುವವರು ಮೂರು ಕಡೆಗೆ. ಅಲ್ಲಿ ಜನವು ಧ್ವನಿಯನ್ನು ಸುತ್ತುವರಿದಿರುವದೇ ಹೊರತು ಧ್ವನಿಯು ಜನವನ್ನಲ್ಲ. ಗೀಗೀ ಪದದ ಹರದೇಶಿ–ನಾಗೇಶಿ ವಾದದಲ್ಲಿ ಮೇಳಗಳು ಎರಡು. ಒಂದರ ಪ್ರಶ್ನೆಗೆ ಇನ್ನೊಂದು ಉತ್ತರ ಕೊಡುತ್ತ ಬೆಳಗು ಮಾಡುವವು. ಕೇಳುವವನ ಲಕ್ಷ್ಯವು ಎಡಬಲಕ್ಕೆ ತೂಗುವದು. ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರುತ್ತಿರುವಾಗ ಡೊಳ್ಳಿನವರ ವರ್ತುಲದ ನಡುವೆ ಸಿಕ್ಕವನಿಗಂತೂ ಎದೆಯೇ ಕಿವಿಯಾಗುವದು. ಇವೆಲ್ಲಕ್ಕಿಂತ ನನಗೆ ಸೋಜಿಗವೆನಿಸುವದು ಬೈಠಕಿನ ಏರ್ಪಾಟು. ಕಾಗವಾಡದಿಂದ ಮಿರಜೆಯು ದೂರವಲ್ಲ. ಅಬ್ದುಲ್ ಕರೀಮ್‌ಖಾನರು ನೆಲೆಸಿದ ಊರದು. 1937ರಲ್ಲಿ ಅವರು ತೀರಿಕೊಂಡ ಬಳಿಕ ಅಲ್ಲಿಯ ದರ್ಗೆಯಲ್ಲಿ ಅವರ ಸ್ಮರಣೆಯ ಸಂಗೀತ ನಡೆಯುತ್ತ ಬಂದಿದೆ. ಅಲ್ಲಿಯ ಕುಶಲಿಗರು ಕುಂಬಳದ ಬುರುಡೆಗಳಿಂದ ಮಾಡುವ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಲಿಕ ಗುರುತು ಸಹ ದೊರೆಯಿತು. ಅಂಥ ಎರಡು ತಂಬೂರಿಗಳನ್ನು ಗಾಯಕನ ಹಿಂದೆ ಎಡಕ್ಕೊಂದು ಬಲಕ್ಕೊಂದು ಹಿಡಿದು ಕೂಡ್ರುವದು ರೂಢಿ. ಜವಾರಿಯ ನೂಲು ಸರಿಯಾಗಿ ಕೂತರೆ ಆ ಎರಡರ ನಾದವು ಬೆರೆತು ಗಾಯಕನನ್ನು ಹೊದ್ದಿಸುವದು. ಆದರೆ ಚೀಜು ಮಾತ್ರ ನಡುವೆ ಕೂತ ಒಂದೇ ಕಂಠದಿಂದ ಬರುವದು. ಎಡ, ನಡು, ಬಲ! 1933ರಲ್ಲಿ ಅಮೇರಿಕೆಯ ಎಂಜಿನಿಯರರು ಇಟ್ಟ ಮೂರು ದಾರಿಗಳೂ ಇವೇ. ಹೊದಿಕೆಯು ಸುತ್ತಲೂ ಇರಲಿ, ಅರ್ಥವು ನಡುವೆ ಇರಲಿ ಎಂಬ ವಿವೇಕವು ಈ ಏರ್ಪಾಟಿನಲ್ಲಿದೆ.

ಈ ವಿವೇಕವನ್ನು ಮೀರಿದರೆ ಏನಾಗುವದೆಂಬುದಕ್ಕೆ ಅಥಣಿಯಿಂದ ಎರಡು ತಾಸಿನ ದಾರಿಯ ವಿಜಯಪುರದಲ್ಲಿ ದೃಷ್ಟಾಂತವಿದೆ. ಮುಹಮ್ಮದ ಆದಿಲಶಾಹನ ಗೋಳಗುಮ್ಮಟಕ್ಕೆ ನಾನು ಎಷ್ಟೋ ಸಲ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೇನೆ. ಗುಮ್ಮಟದ ಬುಡದ ಓಣಿಯಲ್ಲಿ ಒಬ್ಬನು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 38 ಮೀಟರ ಆಚೆಗಿದ್ದವನಿಗೆ ಕೇಳುವದು. ಧ್ವನಿಯು ಬಾಗಿದ ಗೋಡೆಯನ್ನು ಹಿಡಿದು ಸಾಗುವದೇ ಅದಕ್ಕೆ ಕಾರಣ. ಲಂಡನ್ನಿನ ಸೇಂಟ್ ಪಾಲ್ ಮಂದಿರದ ಇಂಥದೇ ಓಣಿಯನ್ನು ವಿವರಿಸಿದವನೂ ಆ ರೇಲಿಯೇ. ಆದರೆ ಅದೇ ಓಣಿಯಲ್ಲಿ ಐವತ್ತು ಹುಡುಗರು ಕೂಡಿ ಕೂಗಿದರೋ? ಆಚೆಯ ಗೋಡೆಗೆ ಹೋಗಿ ಮರಳುವ ಧ್ವನಿಗೆ ಸೆಕೆಂದಿನ ಐದನೆಯ ಪಾಲಿಗಿಂತ ಹೆಚ್ಚು ಕಾಲ ಬೇಕು. ಅಷ್ಟು ತಡವಾದ ಧ್ವನಿಯನ್ನು ಕಿವಿಯು ಮೊದಲಿನದರೊಡನೆ ಬೆರೆಸಲಾರದು. ಕೂಗು ಕೂಗಿನ ಮೇಲೆ ಬಿದ್ದು ಎಲ್ಲ ದಿಕ್ಕಿನಿಂದಲೂ ಧ್ವನಿ, ಯಾವ ದಿಕ್ಕಿನಿಂದಲೂ ಅರ್ಥವಿಲ್ಲ. ಗುರುಗಳ ಕರೆಯು ಮಕ್ಕಳಿಗೆ ಕೇಳದು; ಮಕ್ಕಳ ಎಣಿಕೆಯು ಗುರುಗಳಿಗೆ ಸಿಗದು.

ಈಗ ನನ್ನ ಕಿವಿಯ ಮಾತು. ನಿವೃತ್ತನಾಗುವ ಹಿಂದಿನ ವರ್ಷ ಒಂದು ಮುಂಜಾನೆ ಎದ್ದಾಗ ಬಲಗಿವಿಯಲ್ಲಿ ಹತ್ತಿ ತುರುಕಿದಂತಾಗಿ, ಒಳಗೆ ಶಂಖದಂಥ ಮೊರೆತ ತೊಡಗಿತ್ತು. ಮರುದಿನವೇ ವೈದ್ಯರ ಬಳಿಗೆ ಹೋದೆನು. ಅವರು ತಡಮಾಡದೆ ಔಷಧ ಕೊಟ್ಟರು. ಕೆಲವರಿಗೆ ಕೇಳುವಿಕೆಯು ಮರಳುವದು, ಕೆಲವರಿಗೆ ಅರ್ಧ ಮರಳುವದು, ನನಗೆ ಮರಳಲಿಲ್ಲ. ಓದುಗರಿಗೆ ಇಲ್ಲೊಂದು ಮಾತನ್ನು ಒತ್ತಿ ಹೇಳುವೆನು: ಒಂದು ಕಿವಿಯು ಇದ್ದಕ್ಕಿದ್ದಂತೆ ಮಂದವಾದರೆ ಗುಗ್ಗೆಯೆಂದೋ ಶೀತವೆಂದೋ ಎಣ್ಣೆ ಬಿಡುತ್ತ ಕೂಡ್ರಬಾರದು. ಅದು ಅವಸರದ ಬೇನೆ. ಔಷಧದ ಫಲವು ಹೆಚ್ಚಾಗಿ ಮೊದಲಿನ ಎರಡು ವಾರಗಳೊಳಗೇ, ಅದರಲ್ಲಿಯೂ ಮೊದಲಿನ ದಿನಗಳಲ್ಲಿಯೇ.

ಒಂದು ಕಿವಿ ಹೋದರೆ ಧ್ವನಿಯು ಅರ್ಧ ಕಡಿಮೆಯಾಗುವದೆಂದು ಜನರು ಎಣಿಸುವರು. ಕಡಿಮೆಯಾದದ್ದು ಧ್ವನಿಯಲ್ಲ, ಜಗತ್ತಿನ ಘನತೆ. ಮನೆಯಲ್ಲಿ ಹೆಂಡತಿ ಕರೆದರೆ ಕೇಳುವದು. ಅವಳು ಹಿತ್ತಲಲ್ಲಿರುವಳೋ ಮಾಳಿಗೆಯ ಮೇಲಿರುವಳೋ ತಿಳಿಯದು. ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆಯ ತುಂಬ ಓಡಾಡುವವು. ಹಾಡು ಕೇಳುವದು, ಗಾಡಿ ಎಡಕ್ಕೋ ಬಲಕ್ಕೋ ತಿಳಿಯದು. ರಾಯಬಾಗದ ಬಸ್‌ಸ್ಟ್ಯಾಂಡಿನ ಎದುರು ಒಂದು ಸಂಜೆ ಅಪರಿಚಿತ ಹುಡುಗಿಯೊಬ್ಬಳು ರಟ್ಟೆ ಹಿಡಿದು ಹಿಂದಕ್ಕೆಳೆಯದಿದ್ದರೆ ಈ ಲೇಖನವನ್ನು ಬರೆಯುವವರು ಯಾರೂ ಇರುತ್ತಿರಲಿಲ್ಲ. ಇನ್ನೊಂದು ನಷ್ಟವು ದಿಕ್ಕಿಗಿಂತಲೂ ಹಿರಿದು. ಮದುವೆಯ ಮಂಟಪದಲ್ಲಿ ಹತ್ತು ಮಾತುಗಳ ನಡುವಿನಿಂದ ಬೇಕಾದ ಒಂದನ್ನು ಆಯ್ದುಕೊಳ್ಳುವದು ಎರಡು ಕಿವಿಗಳ ಕೂಡು ಕೆಲಸ. ಒಂದೇ ಕಿವಿಗೆ ಎಲ್ಲವೂ ಒಂದೇ ರಾಶಿಯಾಗಿ ಬೀಳುವದು. ಕಾಳನ್ನೂ ಕಲ್ಲನ್ನೂ ಬೇರ್ಪಡಿಸುವ ಮೊರವೇ ಇಲ್ಲದಂತೆ. ಹೀಗಾಗಿ ನಾನು ಮಂಟಪದಲ್ಲಿ ನಗುವವರೊಡನೆ ನಕ್ಕು ಸುಮ್ಮನಿರುವವರೊಡನೆ ಸುಮ್ಮನಿರುವದನ್ನು ಕಲಿತಿದ್ದೇನೆ.

ನನ್ನ ಅಣ್ಣನ ಮಗನು ಬೆಂಗಳೂರಿನಲ್ಲಿ ಚಿತ್ರಗಳಿಗೆ ಧ್ವನಿಯನ್ನು ಬೆರೆಸುವ ಕೆಲಸದಲ್ಲಿರುವನು. ಹೋದ ವರ್ಷ ಅವನು ತನ್ನ ಕೋಣೆಯಲ್ಲಿ ನನ್ನನ್ನು ಕೂಡ್ರಿಸಿ ಸರೌಂಡಿನ ವೈಭವವನ್ನೆಲ್ಲ ಕೇಳಿಸಿದನು. ಮಳೆಯು ಸುತ್ತಲೂ ಸುರಿಯಿತಂತೆ, ಹಕ್ಕಿಯು ಹಿಂದಿನಿಂದ ಮುಂದಕ್ಕೆ ಹಾರಿತಂತೆ. ನನಗೆ ಎಲ್ಲವೂ ಎಡಗಡೆಯಲ್ಲಿಯೇ ಸುರಿದು ಎಡಗಡೆಯಲ್ಲಿಯೇ ಹಾರಿದವು.

"ಅಲ್ಲೋ ತಮ್ಮಾ, ಇಷ್ಟೆಲ್ಲಾ ಮಾಡ್ತೀರಿ, ನನ್ನಂಥ ಒಂದ ಕಿವಿಯಾವ್ರ ಏನ ಮಾಡ್ಬೇಕು?" ಎಂದು ಕೇಳಿದೆನು.

"ಕಾಕಾ, ಅದಕ್ಕ ಮುಖ್ಯ ಮಾತು ಯಾವತ್ತೂ ನಡುವಿನ ಪೆಟ್ಟಿಗ್ಯಾಗ ಇಡ್ತೀವ್ರಿ. ಹಿಂದಿನದರಾಗ ಇಟ್ರ ಎರಡ ಕಿವಿಯಾವ್ರೂ ಕಥಿ ಬಿಟ್ಟು ಹೊಳ್ಳಿ ಬಾಗಲಾ ನೋಡ್ತಾರ್ರಿ" ಎಂದು ಅವನು ನಕ್ಕನು.

ಬಳಿಕ ಅವನು ಎರಡು ಸಂಗತಿಗಳನ್ನು ತೋರಿಸಿದನು. ಎಲ್ಲ ಬೆರೆಸಿ ಮುಗಿದ ಮೇಲೆ ಅದನ್ನು ಎರಡು ಪೆಟ್ಟಿಗೆಗಳಿಗೂ, ಕೊನೆಗೆ ಒಂದೇ ಪೆಟ್ಟಿಗೆಗೂ ಇಳಿಸಿ ಕೇಳುವದು ಅವರ ಪರಿಪಾಠವಂತೆ. ಎಡ ಬಲಗಳ ತೆರೆಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಕೂಡಿಸಿದಾಗ ಒಂದರ ಏರಿಗೆ ಇನ್ನೊಂದರ ಇಳಿವು ಸೇರಿ ಧ್ವನಿಯೇ ಅಳಿದುಹೋಗುವದು. ಆರು ಪೆಟ್ಟಿಗೆಗಳಲ್ಲಿ ಮೆರೆದ ವಾದ್ಯವು ಹಳ್ಳಿಯ ಒಂದು ಪೆಟ್ಟಿಗೆಯಲ್ಲಿ ಕೇಳದೇ ಹೋದೀತು. ಎರಡನೆಯದಾಗಿ, ಮಳೆ ಗಾಳಿ ಜನಸಂದಣಿಗಳನ್ನು ಇದ್ದಂತೆಯೇ ಬಿಟ್ಟು ನಡುವಿನ ಪೆಟ್ಟಿಗೆಯನ್ನು ಮಾತ್ರ ತುಸು ಏರಿಸಿದನು. ಒಡನೆ ಎಷ್ಟೋ ತಿಂಗಳುಗಳಿಂದ ಟೀವಿಯಲ್ಲಿ ಕೇಳಿಯೂ ತಿಳಿಯದಿದ್ದ ಸಂಭಾಷಣೆಯು ನನಗೆ ಶಬ್ದಶಬ್ದವಾಗಿ ತಿಳಿಯಿತು. ಎರಡೇ ಪೆಟ್ಟಿಗೆಗಳ ಏರ್ಪಾಟಿನಲ್ಲಿ ಮಾತೂ ಮಳೆಯೂ ಒಂದೇ ದಾರಿಯಲ್ಲಿ ಬರುವದರಿಂದ ಹೀಗೆ ಬೇರ್ಪಡಿಸಿ ಏರಿಸುವದು ಸುಲಭವಲ್ಲ. ಹೀಗೆ, ಸುತ್ತುವರಿದ ಧ್ವನಿಯ ಸುತ್ತನ್ನು ಅನುಭವಿಸಲಾರದ ನನಗೇ ಆ ಪದ್ಧತಿಯಿಂದ ಹೆಚ್ಚಿನ ಉಪಕಾರವಾಯಿತು. ಉಪಕಾರ ಮಾಡಿದ್ದು ಬೆನ್ನ ಹಿಂದಿನ ಪೆಟ್ಟಿಗೆಗಳಲ್ಲ, ಗೀರಿನಲ್ಲಿ ಸ್ಥಳವಿಲ್ಲವೆಂದು ಹಿಂದೆ ಬಿಟ್ಟುಕೊಟ್ಟಿದ್ದ ಆ ನಡುವಿನದು.

ಇನ್ನು ಗೃಹಸ್ಥರ ಪ್ರಶ್ನೆಗೆ ನನ್ನ ಉತ್ತರ. ಒಬ್ಬರೇ ಕೂತು ಸಂಗೀತ ಕೇಳುವದೇ ಮುಖ್ಯವಾಗಿದ್ದರೆ ಒಳ್ಳೆಯ ಎರಡು ಪೆಟ್ಟಿಗೆಗಳು ಸಾಕು. ತ್ರಿಕೋಣದ ನಿಯಮವನ್ನು ಪಾಲಿಸಿ ಅವುಗಳನ್ನು ಮೂಲೆಯಿಂದ ತುಸು ಈಚೆಗೆ, ಕೂತವರ ಕಿವಿಯ ಎತ್ತರಕ್ಕೆ ಇಡಬೇಕು. ಮನೆಮಂದಿಯೆಲ್ಲ ಕೂಡಿ ಚಿತ್ರ ನೋಡುವ ರೂಢಿಯಿದ್ದರೆ ಮೊದಲು ನಡುವಿನ ಪೆಟ್ಟಿಗೆಯನ್ನು ಚೆನ್ನಾಗಿ ನೋಡಿ ಕೊಳ್ಳಿರಿ. ಅಜ್ಜಿಯು ಎಲ್ಲಿ ಕೂತರೂ ಮಾತು ತೆರೆಯಿಂದಲೇ ಬರುವದು. ಹಿಂದೆ ಇಡಲು ಸ್ಥಳವೂ ಹಣವೂ ಇದ್ದರೆ ಹಿಂದಿನವು ಬರಲಿ. ಆರು ಅಗ್ಗದ ಪೆಟ್ಟಿಗೆಗಳಿಗಿಂತ ಎರಡು ಒಳ್ಳೆಯವು ಲೇಸು. ಶಹಾಬಾದಿ ಫರಸಿಯ ನೆಲ, ಬರಿದಾದ ಗೋಡೆಗಳಿದ್ದಲ್ಲಿ ಪ್ರತಿಧ್ವನಿಯು ಪುಟ್ಟ ಗೋಳಗುಮ್ಮಟವನ್ನೇ ಕಟ್ಟುವದು. ನೆಲಕ್ಕೊಂದು ಜಮಖಾನ, ಕಿಟಕಿಗೊಂದು ದಪ್ಪ ಪರದೆ, ಗೋಡೆಗೊಂದು ಪುಸ್ತಕದ ಕಪಾಟು ಇವು ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಉಪಕಾರ ಮಾಡುವವು. ನನ್ನಂತೆ ಒಂದು ಕಿವಿಯುಳ್ಳವರು ಮೊಬೈಲಿನಲ್ಲಿ ಎಡಬಲಗಳನ್ನು ಕೂಡಿಸುವ 'ಮೋನೋ' ಎಂಬ ಸೌಕರ್ಯವನ್ನು ಹುಡುಕಿ ಹಚ್ಚಿಕೊಳ್ಳಿರಿ. ಇಲ್ಲವಾದರೆ ಇಯರ್‌ಫೋನಿನಲ್ಲಿ ಹಾಡಿನ ಅರ್ಧ ಭಾಗವು ಸತ್ತ ಕಿವಿಯ ಪಾಲಾಗುವದು. ಸಭೆಗೆ ಹೋದಾಗ ಬಲಗಿವಿ ಮಂದವಾದವರು ಬಲತುದಿಯಲ್ಲಿ, ಎಡಗಿವಿ ಮಂದವಾದವರು ಎಡತುದಿಯಲ್ಲಿ ಕೂತರೆ ಒಳ್ಳೆಯ ಕಿವಿಯು ವೇದಿಕೆಯ ಕಡೆಗಿರುವದು.

ಇಂಥವರು ಮನೆಯಲ್ಲಿದ್ದರೆ ಉಳಿದವರು ಮಾಡತಕ್ಕದ್ದು ಬಹಳವಿಲ್ಲ. ಕರೆಯುವಾಗ ಕೂಗನ್ನು ಏರಿಸುವದು ಬೇಡ. ಎಲ್ಲಿರುವಿರೆಂಬುದನ್ನು ಕೂಡಿಸಿ ಹೇಳಿದರೆ ಸಾಕು. ನಮ್ಮ ಮನೆಯಲ್ಲಿ ಈಗ ಇದೇ ರೂಢಿಯಾಗಿದೆ. ಮೊಮ್ಮಗಳು "ಅಜ್ಜಾ" ಎಂದು ಕರೆದು ಸುಮ್ಮನಾಗುವದಿಲ್ಲ. "ಅಜ್ಜಾ, ನಾ ಹಿತ್ತಲದಾಗ ಅದೀನಿ" ಎನ್ನುವಳು. ನಾನು ಎದ್ದು ನೇರವಾಗಿ ಹಿತ್ತಲಿಗೆ ಹೋಗುತ್ತೇನೆ.